85 ದಾಟಿದರೆ ಸ್ಟೇರಿಂಗ್ ಅದುರುತ್ತದೆ, ಅಲೈನ್‌ಮೆಂಟ್ ಎರಡು ಸಲ ಆಯಿತು, ಇನ್ನೇನು ನೋಡಲಿ?

ದೂರಪಯಣ

ಎಲ್ಲರಿಗೂ ನಮಸ್ಕಾರ. ಒಂದು ತಿಂಗಳಿಂದ ಈ ತೊಂದರೆ ತಲೆ ತಿನ್ನುತ್ತಿದೆ. ಕಾರು ಪೆಟ್ರೋಲ್, ಮ್ಯಾನ್ಯುವಲ್ ಗೇರ್, ಮುಂದಿನ ಚಕ್ರಗಳು ಎಳೆಯುವ ಗಾಡಿ. 62 ಸಾವಿರ ಕಿ.ಮೀ. ಓಡಿದೆ. ಗಂಟೆಗೆ 80 ಕಿ.ಮೀ. ವೇಗದ ತನಕ ಏನೂ ಇಲ್ಲ. 85 ದಾಟುತ್ತಿದ್ದಂತೆ ಸ್ಟೇರಿಂಗ್ ಅದುರಲು ಶುರುವಾಗುತ್ತದೆ. 95ರ ಹತ್ತಿರ ಕೈ ಜುಮ್ ಅನ್ನುವಷ್ಟು. ವಿಚಿತ್ರ ಏನೆಂದರೆ, 105 ದಾಟಿದರೆ ಮತ್ತೆ ಕಡಿಮೆಯಾಗುತ್ತದೆ.

ಗ್ಯಾರೇಜಿಗೆ ಎರಡು ಸಲ ಹೋದೆ. ಎರಡೂ ಸಲ ಅಲೈನ್‌ಮೆಂಟ್ ಮಾಡಿ ಕಳಿಸಿದರು. ಎರಡನೇ ಸಲ ಬ್ಯಾಲೆನ್ಸಿಂಗ್ ಕೂಡ ಆಯಿತು. ಮೆಷಿನ್ನಿನಲ್ಲಿ ಸೊನ್ನೆ ಬಂದದ್ದನ್ನು ನಾನೇ ನಿಂತು ನೋಡಿದೆ. ಆದರೂ ಅದುರು ಹೋಗಿಲ್ಲ. ಈಗ ಶಾಕ್ ಅಬ್ಸಾರ್ಬರ್, ಲೋವರ್ ಆರ್ಮ್ (ಚಕ್ರವನ್ನು ಗಾಡಿಯ ಮೈಗೆ ಜೋಡಿಸುವ ಕೆಳಗಿನ ತೋಳು) ಎಲ್ಲ ಬದಲಾಯಿಸೋಣ ಅನ್ನುತ್ತಿದ್ದಾರೆ. ಕಾರಣ ಗೊತ್ತಿಲ್ಲದೆ ಒಂದೊಂದೇ ಸಾಮಾನು ಬದಲಾಯಿಸುತ್ತಾ ಹೋಗಲು ಮನಸ್ಸಿಲ್ಲ. ಮುಂದಿನ ತಿಂಗಳು ಮನೆಯವರನ್ನೆಲ್ಲ ಕೂರಿಸಿಕೊಂಡು ದೂರ ಹೋಗಬೇಕು. ಭಯವೂ ಆಗುತ್ತಿದೆ. ದಯವಿಟ್ಟು ದಾರಿ ತೋರಿಸಿ.

ನಟ್ಟು ಬೋಲ್ಟು

ಉಳಿದದ್ದೆಲ್ಲ ಆಮೇಲೆ. ಮೊದಲು ಚಕ್ರದ ನಟ್ಟುಗಳನ್ನು ನೋಡಿ. ಇವತ್ತೇ ನೋಡಿ.

ಯಾಕೆ ಹೀಗೆ ಅವಸರ ಮಾಡುತ್ತಿದ್ದೇನೆ ಅಂದರೆ, ನನಗೆ ಆಗಿದೆ. ಒಂದು ಕಡೆ ಟೈರ್ ಬದಲಾಯಿಸಿಕೊಂಡು ಬಂದೆ. ಮರುದಿನ 40ರ ವೇಗದಲ್ಲೇ ಗಾಡಿ ತೂಗಾಡಿದ ಹಾಗೆ ಆಗುತ್ತಿತ್ತು, ಜೊತೆಗೆ ಎಡಗಡೆಯಿಂದ ಟಕ್ ಟಕ್ ಅಂತ ಸದ್ದು. ಹತ್ತು ಕಿ.ಮೀ. ಒಳಗೆ ಸದ್ದು ಜಾಸ್ತಿಯಾಯಿತು. ನಿಲ್ಲಿಸಿ ನೋಡಿದರೆ ನಾಲ್ಕು ನಟ್ಟಿನಲ್ಲಿ ಮೂರು ಬೆರಳಿಗೇ ತಿರುಗುತ್ತಿದ್ದವು. ಇನ್ನು ಸ್ವಲ್ಪ ದೂರ ಹೋಗಿದ್ದರೆ ಚಕ್ರವೇ ಕಳಚಿಕೊಳ್ಳುತ್ತಿತ್ತು. ಚಕ್ರ ಬಿಚ್ಚಿ ಹಾಕಿದ ಮೇಲೆ ಶುರುವಾದ ಯಾವುದೇ ಅದುರಿಗೂ ಮೊದಲು ನಟ್ಟು ನೋಡಬೇಕು. ಹಾಗೆಯೇ, ಚಕ್ರ ಹಾಕಿಸಿದ ಮೇಲೆ 50ರಿಂದ 100 ಕಿ.ಮೀ. ಓಡಿಸಿ ಮತ್ತೊಮ್ಮೆ ಬಿಗಿ ನೋಡಬೇಕು. ಬಹಳ ಜನ ಇದನ್ನು ಮಾಡುವುದೇ ಇಲ್ಲ.

ಹಳೇ ಮೆಕ್ಯಾನಿಕ್

ನಟ್ಟು ಬೋಲ್ಟು ಅವರು ಹೇಳಿದ್ದು ನೂರಕ್ಕೆ ನೂರು ಸರಿ. ಅದು ಮೊದಲು.

ಆಮೇಲೆ ನಾನು ಕೇಳುವುದು ಒಂದೇ: ಗಾಡಿ ಯಾವಾಗ ಅದುರುತ್ತದೆ? ಇಪ್ಪತ್ತೈದು ವರ್ಷ ಈ ಕೆಲಸ ಮಾಡಿದ್ದೇನೆ. ಸಾಮಾನು ಬಿಚ್ಚುವುದಕ್ಕಿಂತ ಮೊದಲು ಈ ಪ್ರಶ್ನೆಗೆ ಸರಿಯಾದ ಉತ್ತರ ಸಿಕ್ಕರೆ ಅರ್ಧ ಕೆಲಸ ಮುಗಿದ ಹಾಗೆ. ಉತ್ತರ ಇಲ್ಲದೆ ಶಾಕ್ ಅಬ್ಸಾರ್ಬರ್ ಬದಲಾಯಿಸುವುದು ಕತ್ತಲಲ್ಲಿ ಕಲ್ಲು ಹೊಡೆದ ಹಾಗೆ.

ಅದುರು ಎಲ್ಲಿ ಗೊತ್ತಾಗುತ್ತದೆ ನೋಡಿ. ಸ್ಟೇರಿಂಗಿನಲ್ಲಾದರೆ ಹೆಚ್ಚಾಗಿ ಮುಂದಿನ ಚಕ್ರಗಳ ಕಡೆಯದು. ಸೀಟು, ನೆಲ ನಡುಗಿದರೆ ಹಿಂದಿನ ಕಡೆ ಅನುಮಾನ ಪಡಬೇಕು. ಬ್ರೇಕ್ ಒತ್ತಿದಾಗ ಮಾತ್ರ ಬಂದರೆ ಅದು ಬ್ರೇಕಿನ ವಿಷಯ. ಆಕ್ಸಿಲರೇಟರ್ ಒತ್ತಿದಾಗ ಮಾತ್ರ ಬಂದು, ಕಾಲು ತೆಗೆದ ಕೂಡಲೇ ಹೋದರೆ ಡ್ರೈವ್ ಶಾಫ್ಟ್ (ಗೇರ್ ಬಾಕ್ಸಿನಿಂದ ಚಕ್ರಕ್ಕೆ ಶಕ್ತಿ ಒಯ್ಯುವ ದಂಡ) ಜಾಯಿಂಟ್ ಅಥವಾ ಎಂಜಿನ್ ಮೌಂಟಿಂಗ್ (ಎಂಜಿನ್ ಕೂರಿಸಿದ ರಬ್ಬರ್ ಆಸರೆ) ನೋಡಬೇಕು. ಗಾಡಿ ನಿಂತಲ್ಲೇ ನಡುಗಿದರೆ ಚಕ್ರಕ್ಕೂ ಅದಕ್ಕೂ ಸಂಬಂಧ ಇಲ್ಲ.

ಈಗ ನೀವು ಮಾಡಬೇಕಾದದ್ದು ಎರಡು ಪರೀಕ್ಷೆ. ನೇರವಾದ, ಖಾಲಿ ರಸ್ತೆಯಲ್ಲಿ ಮಾಡಿ, ಪಕ್ಕದಲ್ಲಿ ಯಾರಾದರೂ ಕೂತು ಬರೆದುಕೊಳ್ಳಲಿ. 95ರಲ್ಲಿ ಅದುರುವಾಗ ಕ್ಲಚ್ ಒತ್ತಿ ನ್ಯೂಟ್ರಲ್‌ಗೆ ತನ್ನಿ, ಗಾಡಿ ತಾನಾಗಿ ಉರುಳಲಿ. ಎಂಜಿನ್ ಮಾತ್ರ ಯಾವ ಕಾರಣಕ್ಕೂ ಆಫ್ ಮಾಡಬೇಡಿ. ಆಫ್ ಮಾಡಿದರೆ ಪವರ್ ಸ್ಟೇರಿಂಗ್ ಹೋಗುತ್ತದೆ, ಬ್ರೇಕಿಗೆ ಸಿಗುವ ಸಹಾಯವೂ ಹೋಗುತ್ತದೆ. ನ್ಯೂಟ್ರಲ್‌ನಲ್ಲೂ ಅದುರು ಹಾಗೇ ಇದ್ದರೆ ಎಂಜಿನ್, ಕ್ಲಚ್ ಎರಡನ್ನೂ ಪಟ್ಟಿಯಿಂದ ತೆಗೆದುಬಿಡಿ. ಎರಡನೆಯದು, ಅದೇ 95ರ ವೇಗವನ್ನು ಐದನೇ ಗೇರಿನಲ್ಲಿ ನೋಡಿ, ನಾಲ್ಕನೇ ಗೇರಿನಲ್ಲೂ ನೋಡಿ. ಗೇರ್ ಬದಲಾದರೆ ಎಂಜಿನ್ ಸುತ್ತು ಬದಲಾಗುತ್ತದೆ, ಚಕ್ರದ ಸುತ್ತು ಬದಲಾಗುವುದಿಲ್ಲ. ಅದುರು ಯಾವುದರ ಹಿಂದೆ ಹೋಗುತ್ತದೋ ಕಾರಣವೂ ಅಲ್ಲೇ ಇರುತ್ತದೆ.

ಗೇರ್ ಮೂರು

ಅಲೈನ್‌ಮೆಂಟ್ ಸರಿ ಇಲ್ಲದಿದ್ದರೂ ಅದುರುತ್ತದೆ ಅಲ್ವಾ? ನನ್ನ ಗಾಡಿಯಲ್ಲಿ ಅಲೈನ್‌ಮೆಂಟ್ ಮಾಡಿಸಿದ ದಿನವೇ ಸರಿಹೋಯಿತು. ದೂರಪಯಣ ಅವರು ಬೇರೆ ಕಡೆ ಇನ್ನೊಮ್ಮೆ ಮಾಡಿಸಿ ನೋಡಬಹುದು.

ಹಳೇ ಮೆಕ್ಯಾನಿಕ್

ಗೇರ್ ಮೂರು ಅವರೇ, ಆ ದಿನ ಅಲೈನ್‌ಮೆಂಟ್ ಜೊತೆ ಬ್ಯಾಲೆನ್ಸಿಂಗ್ ಕೂಡ ಮಾಡಿದ್ದರೇ, ಬಿಲ್ ನೋಡಿ. ಎರಡನ್ನೂ ಒಟ್ಟಿಗೆ ಮಾಡುವುದೇ ವಾಡಿಕೆ. ಅದಕ್ಕೇ ಎರಡೂ ಒಂದೇ ಅನ್ನುವ ಹಾಗೆ ಜನರ ತಲೆಯಲ್ಲಿ ಕೂತಿದೆ.

ಅಲೈನ್‌ಮೆಂಟ್ ಅಂದರೆ ಚಕ್ರಗಳು ಯಾವ ಕೋನದಲ್ಲಿ ನಿಂತಿವೆ ಅನ್ನುವುದು. ಅದು ತಪ್ಪಿದರೆ ಗಾಡಿ ಒಂದು ಪಕ್ಕಕ್ಕೆ ಎಳೆಯುತ್ತದೆ, ನೇರ ಹೋಗುವಾಗ ಸ್ಟೇರಿಂಗ್ ಓರೆ ನಿಲ್ಲುತ್ತದೆ, ಟೈರ್ ಒಂದು ಅಂಚಿನಲ್ಲಿ ಬೇಗ ಸವೆಯುತ್ತದೆ. ಬ್ಯಾಲೆನ್ಸಿಂಗ್ ಅಂದರೆ ಚಕ್ರದ ತೂಕ ಸುತ್ತಲೂ ಸಮವಾಗಿ ಹಂಚಿಕೊಂಡಿದೆಯೇ ಅನ್ನುವುದು. ತೂಕ ಒಂದು ಕಡೆ ಜಾಸ್ತಿ ಇದ್ದರೆ ತಿರುಗುವಾಗ ಚಕ್ರ ಕುಣಿಯುತ್ತದೆ.

ಕೋನ ತಪ್ಪಿದ ಮಾತ್ರಕ್ಕೆ ಗಾಡಿ ಅದುರುವುದಿಲ್ಲ. ಆದರೆ ಬಹಳ ದಿನ ಹಾಗೇ ಓಡಿಸಿದರೆ ಟೈರ್ ಗರಗಸದ ಹಲ್ಲಿನ ಹಾಗೆ ಸವೆಯುತ್ತದೆ. ಆ ಸವೆದ ಟೈರ್ ಅದುರುತ್ತದೆ, ಗೊರಗೊರ ಸದ್ದೂ ಮಾಡುತ್ತದೆ. ಆಗ ಅಲೈನ್‌ಮೆಂಟ್ ಮಾಡಿಸಿದರೂ ಟೈರ್ ಮೊದಲಿನಂತೆ ಆಗುವುದಿಲ್ಲ. ಅಂಗೈಯನ್ನು ಟೈರ್ ಮೇಲೆ ಒಮ್ಮೆ ಮುಂದಕ್ಕೆ, ಒಮ್ಮೆ ಹಿಂದಕ್ಕೆ ಸವರಿ. ಒಂದು ಕಡೆಗೆ ನುಣುಪು, ಇನ್ನೊಂದು ಕಡೆಗೆ ಚುಚ್ಚಿದ ಹಾಗೆ ಆದರೆ ಇದೇ ಅಂತ ತಿಳಿಯಿರಿ. ಅಲ್ಲಲ್ಲಿ ಹಳ್ಳ ಬಿದ್ದ ಹಾಗೆ ಸವೆದಿದ್ದರೆ ಶಾಕ್ ಅಬ್ಸಾರ್ಬರ್ ಸೋತಿರುವ ಸಾಧ್ಯತೆ ಜಾಸ್ತಿ.

ಲೆಕ್ಕದ ಟೀಚರ್

ನಾನು ಮೆಕ್ಯಾನಿಕ್ ಅಲ್ಲ, ಭೌತಶಾಸ್ತ್ರ ಪಾಠ ಮಾಡುವವಳು. ದೂರಪಯಣ ಅವರು ವಿಚಿತ್ರ ಅಂದ ವಿಷಯ, ಅಂದರೆ 105 ದಾಟಿದರೆ ಅದುರು ಕಡಿಮೆ ಆಗುವುದು, ನಿಜಕ್ಕೂ ವಿಚಿತ್ರ ಅಲ್ಲ. ಅದನ್ನು ಹೇಳೋಣ ಅನಿಸಿತು.

ಸಾಧಾರಣ ಕಾರಿನ ಚಕ್ರ ಒಂದು ಸುತ್ತಿಗೆ ಸುಮಾರು 1.9 ಮೀಟರ್ ಸಾಗುತ್ತದೆ. 100 ಕಿ.ಮೀ. ವೇಗ ಅಂದರೆ ಸೆಕೆಂಡಿಗೆ ಸುಮಾರು 28 ಮೀಟರ್. ಅಂದರೆ ಚಕ್ರ ಸೆಕೆಂಡಿಗೆ ಹೆಚ್ಚುಕಡಿಮೆ 15 ಸುತ್ತು ಹಾಕುತ್ತದೆ. ಈಗ 15 ಇಂಚಿನ ರಿಮ್‌ನ ಅಂಚಿನಲ್ಲಿ 30 ಗ್ರಾಂ ತೂಕ ಜಾಸ್ತಿ ಇದೆ ಅಂದುಕೊಳ್ಳಿ. 100ರ ವೇಗದಲ್ಲಿ ಆ 30 ಗ್ರಾಂ ಚಕ್ರವನ್ನು ಹೊರಗೆ ಎಳೆಯುವ ಬಲ ಸುಮಾರು 49 ನ್ಯೂಟನ್, ಅಂದರೆ 5 ಕಿಲೋ ತೂಕ ಕಟ್ಟಿ ಎಳೆದ ಹಾಗೆ. ಅದೂ ಒಮ್ಮೆ ಮೇಲೆ, ಒಮ್ಮೆ ಕೆಳಗೆ, ಸೆಕೆಂಡಿಗೆ 15 ಸಲ. ಈ ಬಲ ವೇಗದ ವರ್ಗದಂತೆ ಏರುತ್ತದೆ. 50ರ ವೇಗದಲ್ಲಿ ಅದು ಕಾಲು ಭಾಗ ಮಾತ್ರ, ಒಂದೂಕಾಲು ಕಿಲೋ. ಅದಕ್ಕೇ ನಿಧಾನ ಹೋಗುವಾಗ ಗೊತ್ತೇ ಆಗುವುದಿಲ್ಲ.

ಹಾಗಾದರೆ 105 ದಾಟಿದ ಮೇಲೆ ಇನ್ನೂ ಜಾಸ್ತಿ ಆಗಬೇಕಲ್ಲ? ಇಲ್ಲಿ ಉಯ್ಯಾಲೆಯನ್ನು ನೆನೆಸಿಕೊಳ್ಳಿ. ಉಯ್ಯಾಲೆಗೆ ತನ್ನದೇ ಒಂದು ಲಯ ಇದೆ. ಆ ಲಯಕ್ಕೆ ಸರಿಯಾಗಿ ತಳ್ಳಿದರೆ ಸಣ್ಣ ತಳ್ಳಿಗೂ ಎತ್ತರ ಏರುತ್ತದೆ. ಲಯ ತಪ್ಪಿಸಿ ಬೇಗ ಬೇಗ ತಳ್ಳಿದರೆ ಅಷ್ಟು ಏರುವುದಿಲ್ಲ. ಸ್ಪ್ರಿಂಗ್ ಮತ್ತು ಟೈರಿನ ನಡುವೆ ಕೂತ ಚಕ್ರಕ್ಕೂ ಹಾಗೆ ಒಂದು ಲಯ ಇದೆ. ಕಾರುಗಳಲ್ಲಿ ಅದು ಸುಮಾರಾಗಿ ಸೆಕೆಂಡಿಗೆ 10ರಿಂದ 15 ಸಲ. 85ರಿಂದ 100ರ ವೇಗದಲ್ಲಿ ಚಕ್ರ ತಿರುಗುವುದೂ ಸೆಕೆಂಡಿಗೆ 12ರಿಂದ 15 ಸುತ್ತು. ಎರಡೂ ಒಂದಕ್ಕೊಂದು ಕೂಡಿಕೊಂಡಾಗ ಸ್ಟೇರಿಂಗ್ ಜೋರಾಗಿ ಅದುರುತ್ತದೆ. ಆ ವೇಗ ದಾಟಿದ ಮೇಲೆ ಲಯ ತಪ್ಪುತ್ತದೆ, ಅದುರು ಇಳಿಯುತ್ತದೆ. ಚಕ್ರ ಸರಿಹೋಯಿತು ಅಂತ ಅರ್ಥ ಅಲ್ಲ. ಎಳೆಯುವ ಬಲ ಇನ್ನೂ ಏರುತ್ತಲೇ ಇರುತ್ತದೆ. ದಯವಿಟ್ಟು 110ರಲ್ಲಿ ಹೋದರೆ ಅದುರುವುದಿಲ್ಲ ಅಂತ ವೇಗ ಜಾಸ್ತಿ ಮಾಡಬೇಡಿ.

ದೂರಪಯಣ

ಟೀಚರ್, ತುಂಬಾ ಥ್ಯಾಂಕ್ಸ್. ಇಷ್ಟು ದಿನ ಯಾರೂ ಇದನ್ನು ಹೀಗೆ ಬಿಡಿಸಿ ಹೇಳಿರಲಿಲ್ಲ. ನಾನು ಅದೇ ತಪ್ಪು ಮಾಡುತ್ತಿದ್ದೆ, 110ಕ್ಕೆ ಏರಿಸಿಬಿಡುತ್ತಿದ್ದೆ.

ಪರೀಕ್ಷೆ ಮಾಡಿದೆ. ನಟ್ಟುಗಳೆಲ್ಲ ಬಿಗಿಯಾಗಿವೆ. ನ್ಯೂಟ್ರಲ್‌ನಲ್ಲೂ ಅದುರು ಹಾಗೇ ಇದೆ. ನಾಲ್ಕನೇ ಗೇರಿನಲ್ಲೂ ಐದನೇ ಗೇರಿನಲ್ಲೂ ಅದೇ 95ರಲ್ಲೇ ಬರುತ್ತದೆ. ಬ್ರೇಕ್ ಒತ್ತಿದರೆ ಜಾಸ್ತಿ ಆಗುವುದಿಲ್ಲ.

ಇಳಿಜಾರು

ಮಧ್ಯೆ ಬಾಯಿ ಹಾಕುತ್ತಿದ್ದೇನೆ, ಬೇಸರ ಮಾಡಿಕೊಳ್ಳಬೇಡಿ. ನನ್ನದು ಬ್ರೇಕಿನ ಕಥೆ. 90ರಿಂದ ಬ್ರೇಕ್ ಒತ್ತಿದರೆ ಪೆಡಲ್ ಕಾಲಿಗೆ ಒದ್ದ ಹಾಗೆ ಆಗುತ್ತದೆ, ಸ್ಟೇರಿಂಗೂ ಅಲ್ಲಾಡುತ್ತದೆ. ಡಿಸ್ಕ್, ಅಂದರೆ ಚಕ್ರದ ಜೊತೆ ತಿರುಗುವ ಬ್ರೇಕ್ ತಟ್ಟೆ, ಬೆಂಡ್ ಆಗಿದೆ ಅಂತ ಹೊಸ ಡಿಸ್ಕ್ ಹಾಕಿದರು. ಐದಾರು ಸಾವಿರ ಕಿ.ಮೀ. ಚೆನ್ನಾಗಿತ್ತು. ಮತ್ತೆ ಶುರು. ಮತ್ತೆ ಹೊಸ ಡಿಸ್ಕ್. ಈಗ ಮೂರನೇ ಸಲ. ಹೊಸ ಡಿಸ್ಕ್ ಯಾಕೆ ಪದೇ ಪದೇ ಬೆಂಡ್ ಆಗುತ್ತದೆ?

ಹಳೇ ಮೆಕ್ಯಾನಿಕ್

ಇದು ಒಳ್ಳೆಯ ಪ್ರಶ್ನೆ, ಬಾಯಿ ಹಾಕಿದ್ದೇ ಒಳ್ಳೆಯದಾಯಿತು. ಡಿಸ್ಕ್ ಬೆಂಡ್ ಅನ್ನುವ ಮಾತು ನಮ್ಮ ಕಸುಬಿನಲ್ಲಿ ಎಲ್ಲರ ಬಾಯಲ್ಲೂ ಇದೆ. ಆದರೆ ಡಿಸ್ಕ್ ನಿಜವಾಗಿ ಬಾಗುವುದು ಬಹಳ ಕಡಿಮೆ. ಆಗುವುದು ಏನೆಂದರೆ, ಡಿಸ್ಕಿನ ದಪ್ಪ ಸುತ್ತಲೂ ಒಂದೇ ಸಮ ಇರುವುದಿಲ್ಲ. ಒಂದು ಕಡೆ ದಪ್ಪ, ಒಂದು ಕಡೆ ತೆಳು. 0.02 ಮಿ.ಮೀ. ವ್ಯತ್ಯಾಸ ಇದ್ದರೂ ಸಾಕು, ಕಾಲಿಗೆ ಗೊತ್ತಾಗುತ್ತದೆ. ಅದು ತಲೆಗೂದಲಿಗಿಂತ ತೆಳು. ಕಣ್ಣಿಗೆ ಕಾಣುವುದೇ ಇಲ್ಲ.

ನಿಮ್ಮ ಕಥೆಯಲ್ಲಿ ಐದಾರು ಸಾವಿರ ಕಿ.ಮೀ. ಅನ್ನುವುದೇ ಮುಖ್ಯ ಸುಳಿವು. ಡಿಸ್ಕ್ ಕೂರುವುದು ಹಬ್ ಮೇಲೆ, ಅಂದರೆ ಚಕ್ರ ಜೋಡಿಸುವ ನಡುವಿನ ಭಾಗದ ಮೇಲೆ. ಹಬ್ಬಿನ ಮುಖದಲ್ಲಿ ಒಂದು ಚೂರು ತುಕ್ಕು ಇದ್ದರೂ ಹೊಸ ಡಿಸ್ಕ್ ಓರೆಯಾಗಿ ಕೂರುತ್ತದೆ. ಆಗ ತಿರುಗುವಾಗ ಅದು ಎಡಕ್ಕೂ ಬಲಕ್ಕೂ ಓಲಾಡುತ್ತದೆ. ಮೊದಲ ದಿನ ಏನೂ ಗೊತ್ತಾಗುವುದಿಲ್ಲ. ಆದರೆ ಬ್ರೇಕ್ ಒತ್ತದೆ ಇರುವಾಗಲೂ ಪ್ರತಿ ಸುತ್ತಿಗೂ ಡಿಸ್ಕಿನ ಅದೇ ಜಾಗ ಅದನ್ನು ಒತ್ತಿ ಹಿಡಿಯುವ ಬ್ರೇಕ್ ಪ್ಯಾಡಿಗೆ ತಾಗುತ್ತಾ ಹೋಗುತ್ತದೆ. ಸಾವಿರಾರು ಕಿ.ಮೀ. ಹೀಗೆ ತಾಗಿ ತಾಗಿ ಆ ಜಾಗ ತೆಳುವಾಗುತ್ತದೆ. ಆಗ ನಿಮಗೆ ಅದುರು ಶುರುವಾಗುತ್ತದೆ. ಹೊಸ ಡಿಸ್ಕ್ ಹಾಕಿದರು, ಕೆಳಗಿನ ತುಕ್ಕು ಹಾಗೇ ಬಿಟ್ಟರು. ಐದಾರು ಸಾವಿರ ಕಿ.ಮೀ.ಗೆ ಮತ್ತೆ ಅದೇ ಕಥೆ.

ಈ ಸಲ ಡಿಸ್ಕ್ ಹಾಕುವ ಮೊದಲು ಹಬ್ ಮುಖವನ್ನು ತಂತಿ ಬ್ರಶ್‌ನಿಂದ ಹೊಳೆಯುವ ತನಕ ಉಜ್ಜಿಸಿ. ಡಿಸ್ಕ್ ಕೂರಿಸಿದ ಮೇಲೆ ಡಯಲ್ ಗೇಜ್ (ಕೂದಲೆಳೆಯಷ್ಟು ಏರಿಳಿತವನ್ನೂ ತೋರಿಸುವ ಮುಳ್ಳಿನ ಮಾಪಕ) ಇಟ್ಟು ಓಲಾಟ ಅಳೆಯಲು ಹೇಳಿ. ಹೆಚ್ಚಿನ ಕಾರುಗಳಲ್ಲಿ ಅದು 0.05ರಿಂದ 0.1 ಮಿ.ಮೀ. ಒಳಗಿರಬೇಕು, ನಿಮ್ಮ ಗಾಡಿಯ ಸರಿಯಾದ ಅಂಕಿ ಸರ್ವಿಸ್ ಪುಸ್ತಕದಲ್ಲಿ ಇರುತ್ತದೆ. ನಟ್ಟುಗಳನ್ನು ಗಾಳಿ ಗನ್‌ನಿಂದ ಒಂದೇ ಏಟಿಗೆ ಬಿಗಿಯಲು ಬಿಡಬೇಡಿ. ಎದುರು ಬದುರಿನ ನಟ್ಟುಗಳನ್ನು ಸ್ವಲ್ಪ ಸ್ವಲ್ಪವಾಗಿ ಬಿಗಿದು, ಕೊನೆಗೆ ಎಷ್ಟು ಬಿಗಿಯಾಯಿತು ಅಂತ ತೋರಿಸುವ ಟಾರ್ಕ್ ಸ್ಪ್ಯಾನರ್‌ನಿಂದ ಮುಗಿಸಬೇಕು. ಒಂದು ನಟ್ಟು ಜಾಸ್ತಿ, ಒಂದು ಕಡಿಮೆ ಆದರೂ ಡಿಸ್ಕ್ ಓರೆಯಾಗುತ್ತದೆ.

ಇನ್ನೊಂದು ಮಾತು. ಇಳಿಜಾರಿನಲ್ಲಿ ಬ್ರೇಕ್ ಕಾದು ಕೆಂಡವಾಗಿರುವಾಗ ಗಾಡಿ ನಿಲ್ಲಿಸಿ ಪೆಡಲನ್ನು ಗಟ್ಟಿಯಾಗಿ ಒತ್ತಿಕೊಂಡೇ ಇರಬೇಡಿ. ಪ್ಯಾಡಿನ ವಸ್ತು ಅದೇ ಜಾಗದಲ್ಲಿ ಡಿಸ್ಕಿಗೆ ಅಂಟಿಕೊಳ್ಳುತ್ತದೆ. ಅಲ್ಲಿಂದಲೂ ಅದುರು ಶುರುವಾಗಬಹುದು. ಉದ್ದದ ಇಳಿಜಾರಾದರೆ ಗೇರ್ ಇಳಿಸಿಕೊಂಡು ಎಂಜಿನ್ನಿನಿಂದಲೇ ವೇಗ ಹಿಡಿಯಿರಿ.

ನಟ್ಟು ಬೋಲ್ಟು

ಇದಕ್ಕೆ ಒಂದು ಸೇರಿಸುತ್ತೇನೆ. ಜೋರಾಗಿ ಬ್ರೇಕ್ ಹಾಕಿದಾಗ ಪೆಡಲ್ ಗಡಗಡ ಅಂದು ಕೆಳಗಿನಿಂದ ತಳ್ಳಿದರೆ ಅದು ಎಬಿಎಸ್ (ಬ್ರೇಕ್ ಹಾಕಿದಾಗ ಚಕ್ರ ಲಾಕ್ ಆಗದಂತೆ ತಡೆಯುವ ವ್ಯವಸ್ಥೆ) ಕೆಲಸ ಮಾಡುತ್ತಿದೆ ಅಂತ. ಅದು ದೋಷ ಅಲ್ಲ. ಹೆದರಿ ಕಾಲು ತೆಗೆಯಬಾರದು, ಒತ್ತಿಕೊಂಡೇ ಇರಬೇಕು. ಮೆಲ್ಲಗೆ ಬ್ರೇಕ್ ಹಾಕುವಾಗಲೂ ಪ್ರತಿ ಸಲ ಪೆಡಲ್ ಒದ್ದರೆ ಮಾತ್ರ ಡಿಸ್ಕ್ ನೋಡಬೇಕು.

ಏರುದಾರಿ

ಆಕ್ಸಿಲರೇಟರ್ ಒತ್ತಿದಾಗ ಮಾತ್ರ ಬರುವ ಅದುರಿನ ಬಗ್ಗೆ ನನ್ನ ಅನುಭವ ಹೇಳುತ್ತೇನೆ. ಬೇರೆ ಯಾರಿಗಾದರೂ ಉಪಯೋಗವಾಗಬಹುದು.

ಏರು ಹತ್ತುವಾಗ 60ರಿಂದ 80ರ ನಡುವೆ ಗಾಡಿಯ ಮುಂಭಾಗ ಎಡಕ್ಕೂ ಬಲಕ್ಕೂ ನಡುಗುತ್ತಿತ್ತು. ಕಾಲು ತೆಗೆದರೆ ತಕ್ಷಣ ಶಾಂತ. ನಾನೂ ಮೊದಲು ಬ್ಯಾಲೆನ್ಸಿಂಗ್ ಮಾಡಿಸಿದೆ, ಏನೂ ಆಗಲಿಲ್ಲ. ಕೊನೆಗೆ ಒಬ್ಬರು ಕೆಳಗೆ ಮಲಗಿ ನೋಡಿ, ಚಕ್ರದ ಒಳಬದಿಗೆ ಗ್ರೀಸ್ ಸಿಡಿದಿರುವುದನ್ನು ತೋರಿಸಿದರು. ಡ್ರೈವ್ ಶಾಫ್ಟಿನ ರಬ್ಬರ್ ಬೂಟ್ ಹರಿದು, ಗ್ರೀಸ್ ಹೊರಗೆ ಹೋಗಿ, ಒಳಗಿನ ಜಾಯಿಂಟ್ ಸವೆದಿತ್ತು. ಬೂಟ್ ಹರಿದ ಕೂಡಲೇ ನೋಡಿದ್ದರೆ ಬೂಟ್ ಮತ್ತು ಗ್ರೀಸ್‌ನಲ್ಲೇ ಮುಗಿಯುತ್ತಿತ್ತು. ತಡವಾದ್ದರಿಂದ ಶಾಫ್ಟನ್ನೇ ಬದಲಾಯಿಸಬೇಕಾಯಿತು. ಹೊರಗಿನ ಜಾಯಿಂಟ್ ಸವೆದರೆ ಸ್ಟೇರಿಂಗ್ ಪೂರ್ತಿ ತಿರುಗಿಸಿ ಹೋಗುವಾಗ ಕಟಕಟ ಸದ್ದು ಬರುತ್ತದೆ. ಒಳಗಿನದು ಸವೆದರೆ ಸದ್ದಿಗಿಂತ ನಡುಕವೇ ಜಾಸ್ತಿ.

ಹಳೇ ಮೆಕ್ಯಾನಿಕ್

ಹಿಂದಿನ ಚಕ್ರ ತಳ್ಳುವ ಗಾಡಿಗಳಲ್ಲಿ ಇದೇ ರೀತಿ ಪ್ರೊಪೆಲ್ಲರ್ ಶಾಫ್ಟ್, ಅಂದರೆ ಗಾಡಿಯ ಕೆಳಗೆ ಹಿಂದಿನ ಆಕ್ಸಲಿಗೆ ಹೋಗುವ ಉದ್ದದ ದಂಡ, ನೋಡಬೇಕು. ಅದು ಚಕ್ರಕ್ಕಿಂತ ಮೂರು ನಾಲ್ಕು ಪಟ್ಟು ವೇಗವಾಗಿ ತಿರುಗುತ್ತದೆ. ಅದಕ್ಕೇ ಅಲ್ಲಿನ ಅದುರು ಚಕ್ರದ ಅದುರಿನ ಹಾಗೆ ದಪ್ಪ ಇರುವುದಿಲ್ಲ. ಸಣ್ಣಗೆ, ಜುಂಯ್ ಅಂತ ನೆಲದಲ್ಲಿ, ಸೀಟಿನಲ್ಲಿ ಗೊತ್ತಾಗುತ್ತದೆ. ಆ ದಂಡದ ಕ್ರಾಸ್ ಜಾಯಿಂಟ್ ಸವೆದಿದ್ದರೆ ಗೇರ್ ಹಾಕಿ ಕ್ಲಚ್ ಬಿಡುವಾಗ ಠಣ್ ಅನ್ನುವ ಸದ್ದು ಕೂಡ ಬರುತ್ತದೆ.

ದೂರಪಯಣ ಅವರೇ, ನಿಮ್ಮ ಉತ್ತರದಿಂದ ವಿಷಯ ಸ್ಪಷ್ಟವಾಯಿತು. ಎಂಜಿನ್ ಅಲ್ಲ, ಬ್ರೇಕ್ ಅಲ್ಲ, ತಿರುಗುವ ಚಕ್ರವೇ. ಈಗ ಮುಂದಿನ ಎರಡು ಚಕ್ರಗಳನ್ನು ಹಿಂದಕ್ಕೆ, ಹಿಂದಿನದನ್ನು ಮುಂದಕ್ಕೆ ಹಾಕಿ, ಬಲಗಡೆಯದು ಬಲಕ್ಕೇ, ಎಡಗಡೆಯದು ಎಡಕ್ಕೇ ಇರಲಿ. ನಾಲ್ಕೂ ಒಂದೇ ಅಳತೆ ಇದ್ದರೆ ಮಾತ್ರ. ಅದುರು ಜಾಗ ಬದಲಾಯಿಸಿದರೆ ಶಾಕ್ ಅಬ್ಸಾರ್ಬರ್, ಲೋವರ್ ಆರ್ಮ್ ಎಲ್ಲ ಪಾರಾದ ಹಾಗೆ.

ಎರಡು ಚಕ್ರ

ಬೈಕಿಗೂ ಇದೇ ನಿಯಮ ಅನ್ವಯಿಸುತ್ತದೆಯೇ? ನನ್ನ ಬೈಕ್ ವೇಗ ಇಳಿಸಿಕೊಂಡು 50ರ ಹತ್ತಿರ ಬರುವಾಗ ಹ್ಯಾಂಡಲ್ ಎಡಬಲ ಅಲ್ಲಾಡುತ್ತದೆ. 80ರ ಮೇಲೆ ಬೇರೆ ಥರ, ಅಂಗೈ ಜೋಮು ಹಿಡಿಯುತ್ತದೆ.

ಹಳೇ ಮೆಕ್ಯಾನಿಕ್

ಅವು ಎರಡು ಬೇರೆ ಬೇರೆ. ಮೊದಲನೆಯದಕ್ಕೆ ಮುಂದಿನ ಟೈರಿನ ಗಾಳಿ ಮತ್ತು ಸವೆತ, ಕಡ್ಡಿ ಚಕ್ರವಾದರೆ ಸಡಿಲ ಕಡ್ಡಿ, ಆಮೇಲೆ ಕೋನ್ ಸೆಟ್ (ಹ್ಯಾಂಡಲ್ ತಿರುಗುವ ಜಾಗದ ಬೇರಿಂಗ್) ನೋಡಿ. ಸೆಂಟರ್ ಸ್ಟ್ಯಾಂಡ್ ಹಾಕಿ, ಮುಂದಿನ ಚಕ್ರ ಮೇಲೆತ್ತಿ, ಫೋರ್ಕ್ ಹಿಡಿದು ಹಿಂದೆ ಮುಂದೆ ಎಳೆಯಿರಿ. ಟಕ್ ಅಂದರೆ ಕೋನ್ ಸೆಟ್ ಸಡಿಲವಾಗಿದೆ. ಅದನ್ನು ತಡ ಮಾಡದೆ ಸರಿಮಾಡಿಸಿ, ಎರಡು ಚಕ್ರದಲ್ಲಿ ಇದು ಜೀವದ ವಿಷಯ. ಎರಡನೆಯದು ಎಂಜಿನ್ ಸುತ್ತಿನದು. ಗೇರ್ ಬದಲಾಯಿಸಿ ನೋಡಿ, ಗೊತ್ತಾಗುತ್ತದೆ. ಒಂದೇ ಸಿಲಿಂಡರ್ ಎಂಜಿನ್ನಿನಲ್ಲಿ ಅದು ಸ್ವಲ್ಪ ಇದ್ದೇ ಇರುತ್ತದೆ. ಹ್ಯಾಂಡಲ್ ತುದಿಯಲ್ಲಿರುವ ತೂಕದ ಗುಂಡುಗಳು ಇವೆಯೇ ನೋಡಿ, ಬಿದ್ದುಹೋಗಿದ್ದರೆ ಜೋಮು ಜಾಸ್ತಿಯಾಗುತ್ತದೆ. ಮೊದಲು ಇಲ್ಲದೆ ಈಗ ಹೊಸದಾಗಿ ಬಂದಿದ್ದರೆ ಎಂಜಿನ್ ಕೂರಿಸಿದ ಬೋಲ್ಟುಗಳನ್ನೂ ಬಿಗಿ ನೋಡಿಸಿ.

ನಿಂತಲ್ಲೇ ನಡುಕ

ನನ್ನ ಕಾರು ಸಿಗ್ನಲ್‌ನಲ್ಲಿ ನಿಂತಾಗ ಮಾತ್ರ ನಡುಗುತ್ತದೆ, ಎ.ಸಿ. ಹಾಕಿದರೆ ಜಾಸ್ತಿ. ಓಡುವಾಗ ಇಲ್ಲ.

ಏರುದಾರಿ

ಎಂಜಿನ್ ಮೌಂಟಿಂಗ್ ರಬ್ಬರ್ ಸೋತಿರಬಹುದು, ಅಥವಾ ಒಂದು ಸಿಲಿಂಡರ್ ಸರಿಯಾಗಿ ಉರಿಯುತ್ತಿಲ್ಲದಿರಬಹುದು. ಸ್ಪಾರ್ಕ್ ಪ್ಲಗ್, ಇಗ್ನಿಷನ್ ಕಾಯಿಲ್ ನೋಡಿಸಿ. ಮೂರು ಸಿಲಿಂಡರ್ ಗಾಡಿಯಾದರೆ ಹೊಸದರಲ್ಲೂ ಒಂದಿಷ್ಟು ನಡುಕ ಸಹಜ. ಎಂಜಿನ್ ಚಿಹ್ನೆಯ ದೀಪ ಮಿನುಗುತ್ತಿದ್ದರೆ ಮಾತ್ರ ಗಾಡಿ ಓಡಿಸಬೇಡಿ. ಉರಿಯದ ಪೆಟ್ರೋಲ್ ಸೈಲೆನ್ಸರ್ ದಾರಿಯಲ್ಲಿ ಹೊಗೆ ಶುದ್ಧ ಮಾಡುವ ಕ್ಯಾಟಲಿಟಿಕ್ ಕನ್ವರ್ಟರ್‌ಗೆ ಹೋಗಿ ಅದನ್ನು ಸುಟ್ಟುಹಾಕುತ್ತದೆ.

ದೂರಪಯಣ

ಚಕ್ರ ಅದಲು ಬದಲು ಮಾಡಿ ನೋಡಿದೆ. ಸ್ಟೇರಿಂಗ್ ಈಗ ಶಾಂತ! ಆದರೆ 90ಕ್ಕೆ ಬಂದರೆ ಹಿಂದಿನ ಸೀಟು ನಡುಗುತ್ತದೆ, ಹಿಂದೆ ಕೂತಿದ್ದ ಮಗಳೇ ಮೊದಲು ಹೇಳಿದಳು. ಅಂದರೆ ಮುಂಚೆ ಮುಂದೆ ಇದ್ದ ಎರಡು ಚಕ್ರಗಳಲ್ಲಿ ಒಂದು ಅಲ್ವಾ? ಆದರೆ ಮೆಷಿನ್ ಸೊನ್ನೆ ತೋರಿಸಿತ್ತಲ್ಲ?

ಹಳೇ ಮೆಕ್ಯಾನಿಕ್

ಸೊನ್ನೆ ಅಂದರೆ ತೂಕ ಸಮ ಇದೆ ಅಂತ ಮಾತ್ರ. ಚಕ್ರ ದುಂಡಗಿದೆ ಅಂತ ಅಲ್ಲ. ಮೆಷಿನ್ ಚಕ್ರವನ್ನು ಗಾಳಿಯಲ್ಲಿ ತಿರುಗಿಸುತ್ತದೆ, ಮೇಲೆ ಗಾಡಿಯ ಭಾರ ಇರುವುದಿಲ್ಲ. ಮೊಟ್ಟೆಯಾಕಾರದ ಚಕ್ರಕ್ಕೂ ಸರಿಯಾದ ಜಾಗದಲ್ಲಿ ಸೀಸ ಅಂಟಿಸಿ ಸೊನ್ನೆ ತರಬಹುದು. ರಸ್ತೆಗೆ ಇಳಿದರೆ ಅದು ಎತ್ತಿ ಎತ್ತಿ ಹಾಕುತ್ತದೆ.

ಮಟ್ಟವಾದ ಜಾಗದಲ್ಲಿ ಗಾಡಿ ನಿಲ್ಲಿಸಿ. ಹಿಂದಿನ ಚಕ್ರ ತಿರುಗಿಸಬೇಕಾದ್ದರಿಂದ ಹ್ಯಾಂಡ್ ಬ್ರೇಕ್ ಬಿಡಬೇಕಾಗುತ್ತದೆ, ಹಾಗಾಗಿ ಮೊದಲ ಗೇರಿನಲ್ಲಿಟ್ಟು ಮುಂದಿನ ಚಕ್ರಗಳಿಗೆ ಎರಡೂ ಕಡೆ ಗಟ್ಟಿಯಾಗಿ ಅಡ್ಡ ಕೊಡಿ. ಜಾಕ್ ಜೊತೆಗೆ ಸ್ಟ್ಯಾಂಡ್ ಇಡಿ. ಕೆಳಗೆ ಮಾತ್ರ ಹೋಗಬೇಡಿ. ಹಿಂದಿನ ಚಕ್ರ ಎತ್ತಿ, ಟೈರಿನ ಮೈಗೆ ತಾಗದ ಹಾಗೆ ಒಂದು ಸ್ಕ್ರೂಡ್ರೈವರ್ ತುದಿ ಹಿಡಿದು ಕೈಯಿಂದ ನಿಧಾನವಾಗಿ ತಿರುಗಿಸಿ. ಸಂದು ಸುತ್ತಲೂ ಒಂದೇ ಸಮ ಇರಬೇಕು. ಆಮೇಲೆ ರಿಮ್ ಅಂಚಿಗೂ ಹಾಗೇ ಮಾಡಿ. ಒಳಗಿನ ಅಂಚನ್ನು ಮರೆಯಬೇಡಿ, ಗುಂಡಿಗೆ ಬಿದ್ದಾಗ ಹೆಚ್ಚು ಬೆಂಡಾಗುವುದು ಅದೇ. ರಿಮ್ ಒಳಗೆ ಒಣಗಿದ ಕೆಸರು ಇದೆಯೇ, ಪಂಚರ್ ದ್ರವ ಏನಾದರೂ ಟೈರಿಗೆ ಹಾಕಿಸಿದ್ದಿರೇ, ಅದನ್ನೂ ಹೇಳಿ.

ದೂರಪಯಣ

ಕೆಸರಿಲ್ಲ, ದ್ರವ ಹಾಕಿಸಿಲ್ಲ. ಬಲಗಡೆಯ ಚಕ್ರ ಸರಿಯಾಗಿದೆ. ಎಡಗಡೆಯ ಚಕ್ರದ ರಿಮ್ ಕೂಡ ಸರಿಯಾಗಿದೆ. ಆದರೆ ಟೈರ್ ತಿರುಗಿಸುವಾಗ ಒಂದು ಜಾಗದಲ್ಲಿ, ಹೆಚ್ಚುಕಡಿಮೆ ಅಂಗೈ ಅಗಲ, ಮೈ ಎದ್ದು ಬಂದು ಸ್ಕ್ರೂಡ್ರೈವರ್‌ಗೆ ತಾಗುತ್ತದೆ. ಆ ಜಾಗದಲ್ಲಿ ಗೆರೆಗಳೂ ಸ್ವಲ್ಪ ಅಂಕುಡೊಂಕು. ಎರಡು ತಿಂಗಳ ಹಿಂದೆ ರಾತ್ರಿ ಒಂದು ದೊಡ್ಡ ಗುಂಡಿಗೆ ಇಳಿಸಿದ್ದೆ, ಅದೇ ಎಡಗಡೆ.

ಹಳೇ ಮೆಕ್ಯಾನಿಕ್

ಆ ಟೈರ್ ಮೇಲೆ ಇನ್ನು ಒಂದು ಕಿ.ಮೀ. ಕೂಡ ಓಡಿಸಬೇಡಿ. ಈಗಲೇ ಸ್ಟೆಪ್ನಿ ಹಾಕಿ.

ಟೈರಿನ ರಬ್ಬರ್ ಕೆಳಗೆ ಉಕ್ಕಿನ ತಂತಿಗಳ ಪಟ್ಟಿ ಇರುತ್ತದೆ. ಏಟು ಬಿದ್ದು ಆ ಪಟ್ಟಿ ಒಳಗೇ ಬಿಟ್ಟುಕೊಂಡಿದೆ. ಗಾಳಿಯ ಒತ್ತಡ ಅಲ್ಲಿ ಮೈಯನ್ನು ಹೊರಗೆ ತಳ್ಳುತ್ತಿದೆ. ವೇಗದಲ್ಲಿ, ಬಿಸಿಲಲ್ಲಿ, ಗಾಡಿ ತುಂಬಿರುವಾಗ ಆ ಪಟ್ಟಿ ಪೂರ್ತಿ ಕಿತ್ತುಕೊಂಡು ಬರಬಹುದು. ಇದನ್ನು ಬ್ಯಾಲೆನ್ಸಿಂಗ್‌ನಿಂದ, ಪ್ಯಾಚ್‌ನಿಂದ ಸರಿಮಾಡಲು ಆಗುವುದಿಲ್ಲ.

ಉಳಿದ ಟೈರುಗಳ ವಯಸ್ಸನ್ನೂ ನೋಡಿ. ಪಕ್ಕದ ಗೋಡೆಯಲ್ಲಿ ಡಾಟ್ ಅಂತ ಶುರುವಾಗುವ ಬರಹದ ಕೊನೆಯಲ್ಲಿ ನಾಲ್ಕು ಅಂಕಿ ಇರುತ್ತದೆ. 1418 ಅಂತ ಇದ್ದರೆ 2018ನೇ ವರ್ಷದ 14ನೇ ವಾರ ತಯಾರಾದದ್ದು. ಹೊಸ ಟೈರ್ ಒಂದೇ ಹಾಕಬೇಡಿ, ಒಂದೇ ಆಕ್ಸಲಿಗೆ ಜೋಡಿ ಹಾಕಿಸಿ. ಆ ಜೋಡಿ ಹಿಂದೆ ಇರಲಿ. ಒದ್ದೆ ರಸ್ತೆಯಲ್ಲಿ ಹಿಂಭಾಗ ಜಾರಿದರೆ ಹಿಡಿಯುವುದು ಕಷ್ಟ.

ಲೆಕ್ಕದ ಟೀಚರ್

ಮಗಳು ಸೀಟಿನ ನಡುಕ ಗುರುತಿಸಿದ್ದು ಓದಿ ಖುಷಿಯಾಯಿತು. ದಯವಿಟ್ಟು ಹಳೇ ಟೈರನ್ನು ಯಾರಿಗೂ ಸ್ಟೆಪ್ನಿ ಮಾಡಿಕೊಳ್ಳಲು ಕೊಡಬೇಡಿ.

ದೂರಪಯಣ

ಕೊಡುವುದಿಲ್ಲ ಟೀಚರ್. ಅಂಗಡಿಯಲ್ಲೇ ನನ್ನ ಮುಂದೆ ಕತ್ತರಿಸಿ ಹಾಕಿಸಿದೆ. ಒಳಗೆ ಕೈ ಹಾಕಿ ನೋಡಿದರೆ ಆ ಜಾಗ ಮೆತ್ತಗಿತ್ತು. ಅದರ ಮೇಲೆ ಮನೆಯವರನ್ನು ಕೂರಿಸಿಕೊಂಡು ಓಡಾಡಿದ್ದೇನೆ ಅಂತ ನೆನೆಸಿಕೊಂಡರೆ ಈಗಲೂ ಎದೆ ಝಲ್ ಅನ್ನುತ್ತದೆ.

ಹೊಸ ಜೋಡಿ ಹಾಕಿಸಿ, ನಾಲ್ಕಕ್ಕೂ ಬ್ಯಾಲೆನ್ಸಿಂಗ್ ಮಾಡಿಸಿದೆ. 85, 90, 95, 100 ಎಲ್ಲ ವೇಗದಲ್ಲೂ ನೋಡಿದೆ. ಸ್ಟೇರಿಂಗ್ ಅಲುಗಾಡುವುದಿಲ್ಲ, ಸೀಟೂ ಇಲ್ಲ. 80 ಕಿ.ಮೀ. ಆದ ಮೇಲೆ ನಟ್ಟು ಬೋಲ್ಟು ಅವರು ಹೇಳಿದ ಹಾಗೆ ಬಿಗಿ ನೋಡಿದೆ, ಒಂದು ನಟ್ಟು ಇನ್ನೂ ಸ್ವಲ್ಪ ತಿರುಗಿತು. ಶಾಕ್ ಅಬ್ಸಾರ್ಬರ್, ಲೋವರ್ ಆರ್ಮ್ ಎರಡನ್ನೂ ಬೇರೆ ಕಡೆ ತೋರಿಸಿದೆ. ಏನೂ ಆಗಿಲ್ಲ, ಬದಲಾಯಿಸುವುದು ಬೇಡ ಅಂದರು.

ಇಳಿಜಾರು

ನನ್ನ ಕಡೆಯಿಂದಲೂ ಸುದ್ದಿ ಇದೆ. ಡಿಸ್ಕ್ ಬಿಚ್ಚಿಸಿದಾಗ ಹಬ್ ಮುಖದಲ್ಲಿ ತುಕ್ಕು ಪದರ ಪದರವಾಗಿ ಕೂತಿತ್ತು, ಉಗುರಿಗೇ ಸಿಗುವಷ್ಟು. ಉಜ್ಜುವ ಮೊದಲು ಓಲಾಟ 0.14 ಮಿ.ಮೀ. ಬಂತು. ಪೂರ್ತಿ ಉಜ್ಜಿ, ಹೊಸ ಡಿಸ್ಕ್ ಕೂರಿಸಿದ ಮೇಲೆ 0.03. ಸದ್ಯಕ್ಕೆ ಪೆಡಲ್ ಶಾಂತವಾಗಿದೆ. ಆದರೆ ಹಿಂದಿನ ಎರಡು ಸಲವೂ ಮೊದಮೊದಲು ಹೀಗೇ ಇತ್ತು. ಓಡೋಮೀಟರ್ ಅಂಕಿ ಬರೆದಿಟ್ಟುಕೊಂಡಿದ್ದೇನೆ. 6 ಸಾವಿರ ಕಿ.ಮೀ. ದಾಟಿದ ಮೇಲೆ ಇಲ್ಲೇ ಬಂದು ಹೇಳುತ್ತೇನೆ.